ಮೊದಲು ಉದ್ದ ನೋಡಿ: ಲಿನಕ್ಸ್ ಕರ್ನೆಲ್‌ನ ಸಾಕೆಟ್ ಕೋಡ್‌ನಲ್ಲಿ ಪ್ಯಾರಾಮೀಟರ್ ಪರೀಕ್ಷಿಸುವ ಕ್ರಮ

ಕೆಳಗಿನ ಕೋಡನ್ನು ಒಮ್ಮೆ ನಿಧಾನವಾಗಿ ಓದಿ. ಲಿನಕ್ಸ್ ಕರ್ನೆಲ್‌ನ ಟಿಸಿಪಿ ಭಾಗದಲ್ಲಿ, ಗೆಟ್‌ಸಾಕ್‌ಆಪ್ಟ್ ಕರೆಗೆ (ಸಾಕೆಟ್‌ನ ಒಂದು ಆಪ್ಷನ್‌ಗೆ ಈಗ ಏನು ಮೌಲ್ಯ ಇದೆ ಅಂತ ಕೇಳುವ ಕರೆ) ಉತ್ತರ ಕೊಡುವ ಫಂಕ್ಷನ್‌ನಲ್ಲಿ ಇದ್ದದ್ದು ಇದು. ಸ್ವಲ್ಪ ಸರಳ ಮಾಡಿದ್ದೇನೆ ಅಷ್ಟೆ.

    ಇಫ್ (ಗೆಟ್_ಯೂಸರ್(ಲೆನ್, ಆಪ್ಟ್‌ಲೆನ್))
        ರಿಟರ್ನ್ -ಇಫಾಲ್ಟ್;
    ಲೆನ್ = ಮಿನ್_ಟಿ(ಅನ್‌ಸೈನ್ಡ್ ಇಂಟ್, ಲೆನ್, ಸೈಜ್‌ಆಫ್(ಇಂಟ್));
    ಇಫ್ (ಲೆನ್ < 0)
        ರಿಟರ್ನ್ -ಇಇನ್ವಾಲ್;

ಎಲ್ಲ ಸರಿಯಾಗಿಯೇ ಇದೆ ಅನಿಸುತ್ತದೆ, ಅಲ್ವಾ? ಬಳಕೆದಾರ ಕೊಟ್ಟ ಉದ್ದವನ್ನು ಓದಿದ್ದಾರೆ, ಆ ಮೆಮೊರಿ ಓದಲಾಗದಿದ್ದರೆ ಇಫಾಲ್ಟ್ ಎರರ್ ಕೊಟ್ಟಿದ್ದಾರೆ. ನಾಲ್ಕು ಬೈಟ್‌ಗಿಂತ ಜಾಸ್ತಿ ಇದ್ದರೆ ನಾಲ್ಕಕ್ಕೆ ಇಳಿಸಿದ್ದಾರೆ. ಮೈನಸ್ ಸಂಖ್ಯೆ ಬಂದರೆ ಇಇನ್ವಾಲ್, ಅಂದರೆ 'ಕೊಟ್ಟ ಮೌಲ್ಯ ಸರಿ ಇಲ್ಲ' ಅನ್ನುವ ಎರರ್ ಕೊಟ್ಟು ವಾಪಸ್ ಕಳಿಸಿದ್ದಾರೆ. ಆದರೆ ಆ ಕೊನೆಯ ಎರಡು ಸಾಲು ಒಂದು ದಿನವೂ ಕೆಲಸ ಮಾಡಿಲ್ಲ.

ಬಳಕೆದಾರ -1 ಕೊಟ್ಟ ಅಂತ ಇಟ್ಟುಕೊಳ್ಳಿ. ಮಿನ್_ಟಿ ಎರಡೂ ಸಂಖ್ಯೆಗಳನ್ನು ಮೊದಲು ಅನ್‌ಸೈನ್ಡ್ ಮಾಡುತ್ತದೆ. -1 ಅನ್ನುವುದು 4294967295 ಆಗುತ್ತದೆ. ಅದಕ್ಕೂ 4ಕ್ಕೂ ಹೋಲಿಸಿದರೆ ಚಿಕ್ಕದು 4. ಹಾಗಾಗಿ ಲೆನ್ 4 ಆಯಿತು. ಆಮೇಲೆ 'ಸೊನ್ನೆಗಿಂತ ಕಡಿಮೆಯೇ' ಅಂತ ಕೇಳಿದರೆ ಉತ್ತರ ಯಾವಾಗಲೂ 'ಅಲ್ಲ'. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇಇನ್ವಾಲ್ ಬರಬೇಕಿದ್ದ ಕಡೆ ಕರ್ನೆಲ್ ನಾಲ್ಕು ಬೈಟ್ ಬರೆದು 'ಆಯಿತು' ಅಂತ ಹೇಳುತ್ತಿತ್ತು.

ಇದನ್ನು ಸರಿಪಡಿಸಿದ್ದು 2024ರ ಮಾರ್ಚ್‌ನಲ್ಲಿ. ಟಿಸಿಪಿ, ಯುಡಿಪಿ, ಎಲ್‌2ಟಿಪಿ, ಕೆಸಿಎಂ, ಎಕ್ಸ್.25 ಹೀಗೆ ಹಲವು ಕಡೆ ಇದೇ ತಪ್ಪು ಇತ್ತು. ಟಿಸಿಪಿಯ ತಪ್ಪು ಯಾವಾಗಿಂದ ಇದೆ ಅಂತ ಹುಡುಕಿದರೆ 2005ರ ಏಪ್ರಿಲ್‌ಗೆ ಹೋಗಿ ನಿಲ್ಲುತ್ತೇವೆ. ಅಂದರೆ ಕರ್ನೆಲ್ ಗಿಟ್‌ಗೆ ಬಂದ ಮೊದಲ ದಿನಕ್ಕೆ. ತಿದ್ದುಪಡಿ ಮಾಡಿದ್ದೇನು? ಎರಡು ಸಾಲನ್ನು ಮೇಲಕ್ಕೆ ಸರಿಸಿದರು, ಅಷ್ಟೆ.

ಈ ತಪ್ಪಿನಿಂದ ಯಾರ ಯಂತ್ರವೂ ಹಾಳಾಗಲಿಲ್ಲ. ಆದರೂ ನಾನು ಇದರಿಂದಲೇ ಶುರು ಮಾಡಲು ಕಾರಣವಿದೆ. ಕರ್ನೆಲ್ ಕೋಡ್‌ನಲ್ಲಿ ಪರೀಕ್ಷೆಯೇ ಇಲ್ಲದ ಜಾಗ ಸಿಗುವುದು ಈಗ ಕಡಿಮೆ. ಪರೀಕ್ಷೆ ಇದೆ, ಆದರೆ ತಪ್ಪು ಟೈಪ್‌ನಲ್ಲಿದೆ, ಅಥವಾ ತಪ್ಪು ಜಾಗದಲ್ಲಿದೆ. ಕಣ್ಣಿಗೆ ಕಾಣುವ ಪರೀಕ್ಷೆ ಇದ್ದರೆ ಓದುವವರು ನಂಬಿ ಮುಂದೆ ಹೋಗುತ್ತಾರೆ. ಹಾಗಾಗಿ ಅದು ವರ್ಷಗಟ್ಟಲೆ ಉಳಿದುಬಿಡುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡು ಪ್ರಶ್ನೆಗಳ ಸುತ್ತವೇ ಇವೆ: ಯಾವ ಟೈಪ್‌ನಲ್ಲಿ ನೋಡುತ್ತಿದ್ದೀರಿ? ಯಾವಾಗ ನೋಡುತ್ತಿದ್ದೀರಿ?

ಫಂಕ್ಷನ್ ಹೆಸರುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಉಚ್ಚಾರದ ಪ್ರಕಾರವೇ ಮೂಲ ಕೋಡ್‌ನಲ್ಲಿ ಹುಡುಕಿದರೆ ಸಿಗುತ್ತವೆ. ನಿಮಗೆ ಸಿ ಭಾಷೆ ಗೊತ್ತು, ಒಂದೆರಡು ಸಲವಾದರೂ ಕರ್ನೆಲ್ ಕಟ್ಟಿ ಬೂಟ್ ಮಾಡಿದ್ದೀರಿ ಅಂತ ಅಂದುಕೊಂಡಿದ್ದೇನೆ.

ಹೆಜ್ಜೆ 1: ನಿಮ್ಮ ಪಾಲಿಗೆ ಏನು ಬರುತ್ತದೆ ತಿಳಿದುಕೊಳ್ಳಿ

ಆಪ್ಷನ್‌ಗೆ ಮೌಲ್ಯ ಹಾಕುವ ಸೆಟ್‌ಸಾಕ್‌ಆಪ್ಟ್ ಕರೆಗೆ ಐದು ಪ್ಯಾರಾಮೀಟರ್. ಫೈಲ್ ಡಿಸ್ಕ್ರಿಪ್ಟರ್, ಲೆವೆಲ್, ಆಪ್ಷನ್ ಹೆಸರು, ಮೌಲ್ಯದ ಪಾಯಿಂಟರ್, ಅದರ ಉದ್ದ. ಡಿಸ್ಕ್ರಿಪ್ಟರ್ ಸರಿ ಇದೆಯಾ ಅಂತ ನಿಮ್ಮ ಪ್ರೋಟೋಕಾಲ್ ಕೋಡ್‌ಗೆ ಬರುವ ಮೊದಲೇ ನೋಡಿರುತ್ತಾರೆ. ಉದ್ದ ಮೈನಸ್ ಆಗಿದ್ದರೆ ಅದನ್ನೂ ಸಾಕೆಟ್ ಪದರವೇ ತಿರಸ್ಕರಿಸುತ್ತದೆ. ಗೊತ್ತಿಲ್ಲದ ಆಪ್ಷನ್ ಬಂದರೆ ನಿಮ್ಮ ಸ್ವಿಚ್‌ನ ಡಿಫಾಲ್ಟ್ ಕವಲು ಇನೋಪ್ರೋಟೋಆಪ್ಟ್ ಕೊಡಬೇಕು. ಇಇನ್ವಾಲ್ ಅಲ್ಲ. 'ಈ ಆಪ್ಷನ್ ಇಲ್ಲಿಲ್ಲ' ಮತ್ತು 'ಆಪ್ಷನ್ ಇದೆ, ನೀವು ಕೊಟ್ಟ ಮೌಲ್ಯ ಸರಿ ಇಲ್ಲ' ಎರಡೂ ಬೇರೆ ಬೇರೆ ಮಾತು. ಹಳೇ ಕರ್ನೆಲ್ ಮೇಲೆ ಹೊಸ ಪ್ರೋಗ್ರಾಂ ಓಡಿಸುವವರು ಈ ವ್ಯತ್ಯಾಸ ನೋಡಿಕೊಂಡೇ ಬೇರೆ ದಾರಿ ಹಿಡಿಯುತ್ತಾರೆ.

ಗೆಟ್‌ಸಾಕ್‌ಆಪ್ಟ್ ಇದಕ್ಕಿಂತ ಸೂಕ್ಷ್ಮ. ಅಲ್ಲಿ ಉದ್ದ ಬರುವುದು ಸಂಖ್ಯೆಯಾಗಿ ಅಲ್ಲ, ಯೂಸರ್ ಮೆಮೊರಿಯ ಪಾಯಿಂಟರ್ ಆಗಿ. ಅದನ್ನು ಓದುವುದು, ನೋಡುವುದು, ಬದಲಾಯಿಸಿ ವಾಪಸ್ ಬರೆಯುವುದು ಎಲ್ಲ ನಿಮ್ಮದೇ ಜವಾಬ್ದಾರಿ. ಮೇಲಿನ ತಪ್ಪು ಸೆಟ್ ಬದಿಯಲ್ಲಿ ಇರದೆ ಗೆಟ್ ಬದಿಯಲ್ಲಿ ಇದ್ದದ್ದು ಇದಕ್ಕೇ.

ಹೆಜ್ಜೆ 2: ಒಳಗಿನದನ್ನು ಮುಟ್ಟುವ ಮೊದಲು ಉದ್ದ ನೋಡಿ

ಕ್ರಮ ಹೀಗಿರಲಿ. ಉದ್ದವನ್ನು ಅದು ಬಂದ ಟೈಪ್‌ನಲ್ಲೇ ಹಿಡಿಯಿರಿ. ಇಂಟ್ ಆಗಿದ್ದರೆ ಸೊನ್ನೆಗಿಂತ ಕಡಿಮೆಯಾ ಅಂತ ಮೊದಲು ನೋಡಿ. ಆಮೇಲೆ ಬೇಕಾದಷ್ಟು ಉದ್ದ ಇದೆಯಾ ನೋಡಿ. ಅದಾದ ಮೇಲೆಯೇ ಕಾಪಿ.

ಇಲ್ಲೊಂದು ಹಳ್ಳ ಇದೆ, ಹೊಸಬರು ಬೀಳುವುದು ಇಲ್ಲೇ. 'ಇಫ್ (ಲೆನ್ < ಸೈಜ್‌ಆಫ್(ಇಂಟ್))' ಅಂತ ಬರೆದರೆ ಮೈನಸ್ ಸಂಖ್ಯೆಯೂ ಸಿಕ್ಕಿಬೀಳುತ್ತದೆ ಅನ್ನುವ ನಂಬಿಕೆ. ಸಿಕ್ಕಿಬೀಳುವುದಿಲ್ಲ. ಸೈಜ್‌ಆಫ್ ಕೊಡುವುದು ಅನ್‌ಸೈನ್ಡ್ ಸಂಖ್ಯೆ. ಅದರ ಪಕ್ಕ ನಿಂತ ಇಂಟ್ ಕೂಡ ಅನ್‌ಸೈನ್ಡ್ ಆಗಿಬಿಡುತ್ತದೆ. -1 ಬೆಟ್ಟದಷ್ಟು ದೊಡ್ಡದಾಗಿ, ಸುಮ್ನೆ ದಾಟಿಹೋಗುತ್ತದೆ. ಎರಡು ಪರೀಕ್ಷೆ ಬೇಕಿದ್ದರೆ ಎರಡನ್ನೂ ಬರೆಯಿರಿ. ಒಂದರಲ್ಲೇ ಎರಡನ್ನೂ ಹಿಡಿಯುವ ಆಸೆ ಬೇಡ.

ಇನ್ನೊಂದು ವಿಷಯ, ಇದು ಇತ್ತೀಚಿನದು. 2020ರಲ್ಲಿ, ಕರ್ನೆಲ್ 5.9ರ ಹೊತ್ತಿಗೆ, ಸೆಟ್‌ಸಾಕ್‌ಆಪ್ಟ್‌ಗೆ ಬರುವ ಪಾಯಿಂಟರ್ 'ಸಾಕ್‌ಪಿಟಿಆರ್_ಟಿ' ಅನ್ನುವ ಹೊಸ ರೂಪಕ್ಕೆ ಬದಲಾಯಿತು. ಅದರೊಳಗೆ ಯೂಸರ್ ವಿಳಾಸವೂ ಇರಬಹುದು, ಕರ್ನೆಲ್ ವಿಳಾಸವೂ ಇರಬಹುದು. ಯೂಸರ್ ವಿಳಾಸ ಇದ್ದಾಗ, ಉದ್ದ ನೋಡದೆ ಜಾಸ್ತಿ ಬೈಟ್ ಓದಿದರೂ ದೊಡ್ಡ ಅನಾಹುತ ಆಗುತ್ತಿರಲಿಲ್ಲ. ಅವರ ಮೆಮೊರಿಯನ್ನೇ ನಾಲ್ಕು ಬೈಟ್ ಜಾಸ್ತಿ ಓದಿದ ಹಾಗೆ. ಆದರೆ ಸಿಗ್ರೂಪ್‌ಗೆ (ಪ್ರೋಸೆಸ್‌ಗಳ ಒಂದು ಗುಂಪಿಗೆ) ಅಂಟಿಸಿದ ಬಿಪಿಎಫ್ ಪ್ರೋಗ್ರಾಂ, ಅಂದರೆ ಕರ್ನೆಲ್ ಒಳಗೇ ಓಡುವ ಚಿಕ್ಕ ಪ್ರೋಗ್ರಾಂ, ನಡುವೆ ಇದ್ದರೆ, ಕರ್ನೆಲ್ ಮೊದಲೇ ಬಳಕೆದಾರ ಹೇಳಿದಷ್ಟೇ ಉದ್ದದ ಬಫರ್ ಮಾಡಿಕೊಂಡು ಅದರ ವಿಳಾಸವನ್ನು ನಿಮಗೆ ಕೊಡುತ್ತದೆ. ಬಳಕೆದಾರ 1 ಬೈಟ್ ಅಂತ ಹೇಳಿ, ನೀವು 4 ಬೈಟ್ ಎಳೆದುಕೊಂಡರೆ, ಉಳಿದ 3 ಬೈಟ್ ಪಕ್ಕದ ಕರ್ನೆಲ್ ಮೆಮೊರಿಯದ್ದು.

ಕರ್ನೆಲ್‌ನ ತಪ್ಪುಗಳನ್ನು ತಾನಾಗಿಯೇ ಹುಡುಕುವ ಸಿಜ್‌ಬಾಟ್ ಇಂಥವನ್ನು ಹಿಡಿದುಕೊಟ್ಟ ಮೇಲೆ 2024ರಲ್ಲಿ ನೆಟ್‌ಫಿಲ್ಟರ್, ಬ್ಲೂಟೂತ್, ಎನ್‌ಎಫ್‌ಸಿ ಕಡೆಗಳಲ್ಲೆಲ್ಲ ಸಾಲುಸಾಲಾಗಿ ತಿದ್ದುಪಡಿ ಬಂದವು. ಕರ್ನೆಲ್ ಡೆವಲಪರ್ ಎರಿಕ್ ಡುಮಾಜೆ ಆಗ 'ಕಾಪಿ_ಸೇಫ್_ಫ್ರಮ್_ಸಾಕ್‌ಪಿಟಿಆರ್' ಅನ್ನುವ ಸಹಾಯಕ ಫಂಕ್ಷನ್ ಸೇರಿಸಿದರು. ಅದಕ್ಕೆ ನಿಮಗೆ ಬೇಕಾದ ಗಾತ್ರವನ್ನೂ ಬಳಕೆದಾರ ಕೊಟ್ಟ ಉದ್ದವನ್ನೂ ಎರಡೂ ಕೊಡಬೇಕು. ಉದ್ದ ಸಾಲದಿದ್ದರೆ ಇಇನ್ವಾಲ್. ಹೊಸ ಕೋಡ್ ಬರೆಯುವವರು ಇದನ್ನೇ ಬಳಸಿ. ಉದ್ದ ಕೊಡದೆ ಕರೆಯೋಕೇ ಆಗದ ಫಂಕ್ಷನ್ ಇದ್ದರೆ, ಮರೆತು ಹೋಗುವ ಪ್ರಶ್ನೆಯೇ ಇಲ್ಲ.

ವಿಳಾಸಗಳಿಗೂ ಇದೇ ನಿಯಮ. ಬೈಂಡ್, ಕನೆಕ್ಟ್‌ಗೆ ಬರುವ ವಿಳಾಸದ ಉದ್ದ 0ಯಿಂದ 128 ಬೈಟ್‌ವರೆಗೆ ಇರಬಹುದು. ಸಾಕೆಟ್ ಪದರ ನೋಡುವುದು ಅಷ್ಟನ್ನೇ. ಐಪಿವಿ4ಗೆ 16 ಬೈಟ್ ಬೇಕು, ಐಪಿವಿ6ಗೆ ಪೂರ್ತಿ ರೂಪದಲ್ಲಿ 28 ಅಂತ ಗೊತ್ತಿರುವುದು ಆ ಪ್ರೋಟೋಕಾಲ್‌ಗೆ ಮಾತ್ರ. ಹಾಗಾಗಿ ಅದನ್ನು ನೀವೇ ನೋಡಬೇಕು. ತುಂಬ ಜನ ಮೊದಲು ಫ್ಯಾಮಿಲಿ (ವಿಳಾಸ ಯಾವ ಜಾತಿಯದು ಅಂತ ಹೇಳುವ ಸಂಖ್ಯೆ) ನೋಡಿ, ಆಮೇಲೆ ಉದ್ದ ನೋಡುತ್ತಾರೆ. ಆದರೆ ಫ್ಯಾಮಿಲಿಯೇ 2 ಬೈಟ್. ಬಳಕೆದಾರ ಕೊಟ್ಟದ್ದು 1 ಬೈಟ್ ಆಗಿದ್ದರೆ ನೀವು ಓದಿದ ಎರಡನೇ ಬೈಟ್ ಎಲ್ಲಿಂದ ಬಂತು? ಸ್ಟ್ಯಾಕ್‌ನ ಹಳೇ ಕಸದಿಂದ. 2019ರಲ್ಲಿ ಈ ಒಂದೇ ತಪ್ಪನ್ನು ಹಲವು ಪ್ರೋಟೋಕಾಲ್‌ಗಳಲ್ಲಿ ಒಟ್ಟಿಗೆ ತಿದ್ದಬೇಕಾಯಿತು.

ಯೂನಿಕ್ಸ್ ಸಾಕೆಟ್‌ನದು ಒಂದು ಚೆಂದದ ಉದಾಹರಣೆ. ಅಲ್ಲಿ ಪಾತ್ ಹೆಸರಿಗೆ 108 ಬೈಟ್ ಜಾಗ. 108ನ್ನೂ ತುಂಬಿಸಿ, ಕೊನೆಯ ಸೊನ್ನೆ ಹಾಕದೆ ಕಳಿಸುವುದೂ ಸರಿಯೇ. ಹಾಗಾಗಿ ಕರ್ನೆಲ್ ಅದರ ಮುಂದಿನ ಬೈಟ್‌ಗೆ ಸೊನ್ನೆ ಬರೆಯುತ್ತದೆ. ಸ್ಟ್ರಕ್ಟ್‌ನ ಲೆಕ್ಕದಲ್ಲಿ ಆ ಬೈಟ್ ಇಲ್ಲವೇ ಇಲ್ಲ. ಆದರೆ ಕರ್ನೆಲ್ ಬಫರ್ 128 ಬೈಟ್‌ದಾದ್ದರಿಂದ ಜಾಗ ಇದೆ. ಇದು ತಪ್ಪಿನ ಹಾಗೆ ಕಾಣುತ್ತದೆ, ತಪ್ಪಲ್ಲ ಅಂತ ಅಲ್ಲೇ ಒಂದು ಕಾಮೆಂಟ್ ಬರೆದಿಟ್ಟಿದ್ದಾರೆ. ಇಂಥ ಜಾಗದಲ್ಲಿ ಕಾಮೆಂಟ್ ಬರೆಯುವುದು ಮುಂದೆ ಓದುವವರಿಗೆ ಮಾಡುವ ದೊಡ್ಡ ಉಪಕಾರ.

ಹೆಜ್ಜೆ 3: ಲೆಕ್ಕ ಮಾಡುವಾಗ ಟೈಪ್ ಕಡೆ ಕಣ್ಣಿಡಿ

ನನ್ನ ಪ್ರಕಾರ ಅತಿ ಜಾಸ್ತಿ ಸಮಯ ಕೊಡಬೇಕಾದ ಹೆಜ್ಜೆ ಇದು. ಒಂದು ನಿಜವಾದ ತಪ್ಪನ್ನು ಅಂಕಿ ಸಮೇತ ನೋಡೋಣ.

ಪ್ಯಾಕೆಟ್ ಸಾಕೆಟ್‌ಗಳಲ್ಲಿ (ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ನೇರವಾಗಿ ಹಿಡಿಯುವ ಸಾಕೆಟ್‌ಗಳು) ಬಳಕೆದಾರ ಒಂದು ರಿಂಗ್ ಬಫರ್ ಕೇಳಬಹುದು. ಪ್ರತಿ ಬ್ಲಾಕ್ ಎಷ್ಟು ದೊಡ್ಡದು, ಅದರೊಳಗೆ ತನ್ನ ಸ್ವಂತ ಬಳಕೆಗೆ ಎಷ್ಟು ಜಾಗ ಬಿಡಬೇಕು ಅಂತ ಎರಡು ಸಂಖ್ಯೆ ಕೊಡುತ್ತಾನೆ. ಎರಡೂ 32 ಬಿಟ್ ಅನ್‌ಸೈನ್ಡ್. ಸ್ವಂತ ಜಾಗ ಮತ್ತು ಹೆಡರ್ ಸೇರಿ ಬ್ಲಾಕ್‌ಗಿಂತ ಚಿಕ್ಕದಿರಬೇಕು. ಅದಕ್ಕೆ ಕೋಡ್ ಹೀಗೆ ಪರೀಕ್ಷೆ ಮಾಡುತ್ತಿತ್ತು: ಬ್ಲಾಕ್ ಗಾತ್ರದಿಂದ ಉಳಿದದ್ದನ್ನು ಕಳೆ, ಬಂದದ್ದನ್ನು ಇಂಟ್ ಮಾಡು, ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಆದರೆ ತಿರಸ್ಕರಿಸು.

ಈಗ ಬ್ಲಾಕ್ ಗಾತ್ರ 4096 ಅಂತ ಕೊಡಿ. ಸ್ವಂತ ಜಾಗ 2147487744 ಅಂತ ಕೊಡಿ, ಅಂದರೆ 2ರ 31ನೇ ಘಾತಕ್ಕೆ 4096 ಕೂಡಿಸಿದ್ದು. ಹೆಡರ್ 48 ಬೈಟ್ ಸೇರಿದರೆ 2147487792. 4096ರಿಂದ ಅದನ್ನು ಕಳೆದರೆ ನಿಜವಾಗಿ ಬರಬೇಕಾದದ್ದು -2147483696. ಆದರೆ 32 ಬಿಟ್‌ನಲ್ಲಿ ಇಷ್ಟು ದೊಡ್ಡ ಮೈನಸ್ ಸಂಖ್ಯೆ ಹಿಡಿಸುವುದಿಲ್ಲ. ಸುತ್ತು ಹಾಕಿ ಬಂದು 2147483600 ಆಗುತ್ತದೆ. ಇಂಟ್ ಮಾಡಿದರೂ ಅದು ಪ್ಲಸ್ಸೇ. ಪರೀಕ್ಷೆ ಪಾಸ್. ನಾಲ್ಕು ಸಾವಿರ ಬೈಟ್‌ನ ಡಬ್ಬಿಯೊಳಗೆ ಇನ್ನೂರು ಕೋಟಿ ಬೈಟ್ ಹಿಡಿಸುತ್ತದೆ ಅಂತ ಕರ್ನೆಲ್ ಒಪ್ಪಿಕೊಂಡಿತು!

ಇದು ಸಿವಿಇ-2017-7308 (ಸಿವಿಇ ಅಂದರೆ ಬಯಲಾದ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ). ಕೋಡ್ 2011ರದ್ದು, ಕಂಡುಹಿಡಿದದ್ದು ಆಂಡ್ರೇ ಕೊನೊವಾಲೋವ್, 2017ರಲ್ಲಿ. ಮಾಮೂಲಿ ಬಳಕೆದಾರ ಇದರಿಂದ ರೂಟ್ ಆಗಬಹುದಿತ್ತು. ಪ್ಯಾಕೆಟ್ ಸಾಕೆಟ್‌ಗೆ ವಿಶೇಷ ಅನುಮತಿ ಬೇಕಲ್ಲ ಅಂತ ಕೇಳಬಹುದು. ಯೂಸರ್ ನೇಮ್‌ಸ್ಪೇಸ್ (ಅದರೊಳಗೆ ಮಾತ್ರ ಅಡ್ಮಿನ್ ಆಗಬಹುದಾದ ಪ್ರತ್ಯೇಕ ವಲಯ) ತೆರೆಯಲು ಬಿಡುವ ಯಂತ್ರದಲ್ಲಿ ಆ ಅನುಮತಿ ಯಾರಿಗೂ ಸಿಗುತ್ತದೆ. 'ಇದನ್ನು ಅಡ್ಮಿನ್ ಮಾತ್ರ ಕರೆಯುತ್ತಾರೆ, ಬಿಡು' ಅನ್ನುವ ಮಾತು ಈಗ ನಡೆಯುವುದಿಲ್ಲ.

ತಿದ್ದಿದ್ದು ಹೇಗೆ? ಕಳೆಯುವುದನ್ನೇ ಬಿಟ್ಟರು. ಒಂದು ಬದಿಯನ್ನು 64 ಬಿಟ್ ಮಾಡಿ, ನೇರವಾಗಿ ಹೋಲಿಸಿದರು. ಇದನ್ನು ನಿಯಮವಾಗಿಯೇ ಇಟ್ಟುಕೊಳ್ಳಿ: ಬಳಕೆದಾರ ಕೊಟ್ಟ ಸಂಖ್ಯೆಗಳನ್ನು ಕಳೆದು ಚಿಹ್ನೆ ನೋಡಬೇಡಿ, ಹೋಲಿಸಿ. ಕೂಡಿಸುವುದು, ಗುಣಿಸುವುದು ತಪ್ಪಿಸಲಾಗದಿದ್ದರೆ 'ಚೆಕ್_ಆಡ್_ಓವರ್‌ಫ್ಲೋ', 'ಚೆಕ್_ಮುಲ್_ಓವರ್‌ಫ್ಲೋ' ಇವೆ. ಅರೇ ಇರುವ ಸ್ಟ್ರಕ್ಟ್‌ನ ಗಾತ್ರಕ್ಕೆ 'ಸ್ಟ್ರಕ್ಟ್_ಸೈಜ್' ಇದೆ.

ಇದೇ ಜಾತಿಯ ಇನ್ನೊಂದು, ಸಿವಿಇ-2016-9793. ಕಳಿಸುವ ಬಫರ್‌ನ ಗಾತ್ರವನ್ನು ಮಿತಿ ಮೀರಿ ಹೆಚ್ಚಿಸುವ 'ಎಸ್‌ಒ_ಸ್ನಡ್‌ಬಫ್‌ಫೋರ್ಸ್' ಆಪ್ಷನ್‌ನಲ್ಲಿ ಇದ್ದದ್ದು. ಬಳಕೆದಾರ ಕೊಟ್ಟ ಮೌಲ್ಯವನ್ನು ಕರ್ನೆಲ್ ಎರಡರಷ್ಟು ಮಾಡಿ, ಕನಿಷ್ಠಕ್ಕಿಂತ ಕಡಿಮೆ ಆಗದ ಹಾಗೆ ಮ್ಯಾಕ್ಸ್_ಟಿ ಬಳಸುತ್ತದೆ. ಅನ್‌ಸೈನ್ಡ್ ಆಗಿ. -1 ಕೊಟ್ಟರೆ ಎರಡರಷ್ಟು -2. ಅನ್‌ಸೈನ್ಡ್ ಆದಾಗ 4294967294. ಕನಿಷ್ಠಕ್ಕಿಂತ ದೊಡ್ಡದು, ಗೆದ್ದಿತು. ಇಟ್ಟುಕೊಳ್ಳುವ ಜಾಗ ಇಂಟ್. ಅಲ್ಲಿ ಮತ್ತೆ -2. ಮೈನಸ್ ಗಾತ್ರದ ಬಫರ್! 3.5ಕ್ಕಿಂತ ಹಿಂದಿನ ಕರ್ನೆಲ್‌ಗಳಲ್ಲಿ ಮಾಮೂಲಿ 'ಎಸ್‌ಒ_ಸ್ನಡ್‌ಬಫ್'ನಲ್ಲೂ ಇದೇ ಕಥೆ ಇತ್ತು.

ಮಿನ್_ಟಿ, ಮ್ಯಾಕ್ಸ್_ಟಿ ಕಂಡಲ್ಲೆಲ್ಲ ನಾನೀಗ ಬೆರಳಿಟ್ಟು ನಿಲ್ಲುತ್ತೇನೆ. ಮೊದಲ ಪ್ಯಾರಾಮೀಟರ್ ಯಾವ ಟೈಪ್, ಒಳಗೆ ಹೋಗುವ ಸಂಖ್ಯೆ ಯಾವ ಟೈಪ್, ಹೊರಗೆ ಬಂದದ್ದನ್ನು ಇಡುವ ಜಾಗ ಯಾವ ಟೈಪ್. ಮೂರೂ ಒಂದೇ ಆಗಿಲ್ಲದಿದ್ದರೆ -1 ಹಾಕಿ ಕೈಯಲ್ಲೇ ಲೆಕ್ಕ ಮಾಡುತ್ತೇನೆ. ಎರಡು ನಿಮಿಷದ ಕೆಲಸ.

ಹೆಜ್ಜೆ 4: ಚಿಕ್ಕ ಜಾಗಕ್ಕೆ ಇಳಿಸುವ ಮೊದಲೇ ಪರೀಕ್ಷಿಸಿ

ಸಾಕೆಟ್ ಕರೆಯ ಮೂರನೇ ಪ್ಯಾರಾಮೀಟರ್ ಪ್ರೋಟೋಕಾಲ್. ಅದು ಇಂಟ್ ಆಗಿ ಬರುತ್ತದೆ. ಆದರೆ ಕರ್ನೆಲ್‌ನ ಒಳಗೆ ಅದನ್ನು ಇಡುವ ಜಾಗ ಆಗ 8 ಬಿಟ್ ಮಾತ್ರ ಇತ್ತು. ಯಾರಾದರೂ 1073741824 ಕೊಟ್ಟರೆ ಕೆಳಗಿನ 8 ಬಿಟ್ ಎಲ್ಲ ಸೊನ್ನೆ. ಹುಡುಕುವಾಗ ದೊಡ್ಡ ಸಂಖ್ಯೆ, ಇಟ್ಟ ಮೇಲೆ ಸೊನ್ನೆ. ಈ ಎರಡರ ನಡುವೆ ಕೋಡ್ ದಾರಿ ತಪ್ಪಿ, ಕನೆಕ್ಟ್ ಕರೆದಾಗ ನಲ್ ಪಾಯಿಂಟರ್ ಮೇಲೆ ಬೀಳುತ್ತಿತ್ತು. ಇದು ಸಿವಿಇ-2015-8543. ಈಗ ಸೊನ್ನೆಗಿಂತ ಕಡಿಮೆಯಾ, ಗರಿಷ್ಠಕ್ಕಿಂತ ಜಾಸ್ತಿಯಾ ಅಂತ ಮೊದಲೇ ನೋಡುತ್ತಾರೆ.

ನಿಮ್ಮ ಕೋಡ್‌ನಲ್ಲಿ ಇದನ್ನು ಹುಡುಕುವ ದಾರಿ ಸರಳ. ಪ್ರತಿ ಮೌಲ್ಯವೂ ಕೊನೆಗೆ ಯಾವ ಫೀಲ್ಡ್‌ನಲ್ಲಿ ಕೂರುತ್ತದೆ ನೋಡಿ. ಆ ಫೀಲ್ಡ್ 8 ಅಥವಾ 16 ಬಿಟ್ ಆಗಿದ್ದರೆ, ಅದರ ಮಿತಿಯನ್ನು 32 ಬಿಟ್ ಇರುವಾಗಲೇ ಪರೀಕ್ಷಿಸಿರಬೇಕು.

ಹೆಜ್ಜೆ 5: ಅರೇ ಸೂಚಿ ಆಗುವ ಸಂಖ್ಯೆಗೆ ಎರಡು ಬೇಲಿ

2013ರ ಫೆಬ್ರವರಿಯಲ್ಲಿ ಸರಿಪಡಿಸಿದ ಸಿವಿಇ-2013-1763 ನೋಡಿ. ತೆರೆದ ಸಾಕೆಟ್‌ಗಳ ಮಾಹಿತಿ ಕೊಡುವ ಸಾಕ್_ಡಯಾಗ್ ಕೋಡ್, ಬಳಕೆದಾರ ಕೊಟ್ಟ ಫ್ಯಾಮಿಲಿ ಸಂಖ್ಯೆಯನ್ನು ನೇರವಾಗಿ ಅರೇ ಸೂಚಿಯಾಗಿ ಬಳಸುತ್ತಿತ್ತು. ಫ್ಯಾಮಿಲಿ 8 ಬಿಟ್, ಅಂದರೆ 255ರವರೆಗೆ ಹೋಗಬಹುದು. ಅರೇಯಲ್ಲಿ ಇದ್ದದ್ದು ನಲವತ್ತರ ಆಸುಪಾಸು. ಅರೇ ಆಚೆ ಸಿಕ್ಕಿದ್ದನ್ನು ಫಂಕ್ಷನ್ ಪಾಯಿಂಟರ್ ಅಂತ ನಂಬಿ ಕರ್ನೆಲ್ ಅದನ್ನು ಕರೆಯುತ್ತಿತ್ತು. ಮಾಮೂಲಿ ಬಳಕೆದಾರನಿಗೆ ರೂಟ್ ಸಿಗಲು ಅಷ್ಟು ಸಾಕಾಯಿತು. 8 ಬಿಟ್ ಅಲ್ವಾ, ಎಷ್ಟು ದೊಡ್ಡದಾಗುತ್ತೆ ಅಂತ ಅನ್ನಿಸುವ ಜಾಗ ಇದು. ತಿದ್ದುಪಡಿಯ ತಿರುಳು ಎರಡೇ ಸಾಲು.

ಎರಡನೇ ಬೇಲಿ ಬಂದದ್ದು 2018ರಲ್ಲಿ, ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷ ಬಯಲಾದ ಮೇಲೆ. ಪರೀಕ್ಷೆಯ ಉತ್ತರ ಬರುವ ಮೊದಲೇ ಪ್ರೊಸೆಸರ್ ಊಹೆ ಮಾಡಿ ಮುಂದೆ ಓಡುತ್ತದೆ. ಹಾಗಾಗಿ ಪರೀಕ್ಷೆಯ ನಂತರ 'ಅರೇ_ಇಂಡೆಕ್ಸ್_ನೋಸ್ಪೆಕ್' ಹಾಕಿ. ಸಾಕೆಟ್‌ಕಾಲ್‌ನಲ್ಲೂ ಸಾಕ್_ಡಯಾಗ್‌ನಲ್ಲೂ ಈಗ ಅದು ಇದೆ. ಇದು ಪರೀಕ್ಷೆಗೆ ಬದಲಿ ಅಲ್ಲ, ಅದರ ಜೊತೆಗೆ ಬೇಕಾದದ್ದು.

ಹೆಜ್ಜೆ 6: ತಿರಸ್ಕರಿಸಬೇಕೋ, ಮಿತಿಗೆ ಇಳಿಸಬೇಕೋ?

ಎಲ್ಲ ತಪ್ಪು ಮೌಲ್ಯಕ್ಕೂ ಇಇನ್ವಾಲ್ ಕೊಡಲೇಬೇಕು ಅಂತಿಲ್ಲ. ಲಿಸನ್‌ನ ಬ್ಯಾಕ್‌ಲಾಗ್ (ಒಪ್ಪಿಗೆಗೆ ಕಾಯುವ ಸಂಪರ್ಕಗಳ ಸಾಲು ಎಷ್ಟು ಉದ್ದ ಇರಬಹುದು ಅನ್ನುವ ಸಂಖ್ಯೆ) ನೋಡಿ. ಕರ್ನೆಲ್ ಅದನ್ನು ಬೇಕೆಂದೇ ಅನ್‌ಸೈನ್ಡ್ ಮಾಡಿ ಹೋಲಿಸುತ್ತದೆ. -1 ಕೊಟ್ಟರೆ ದೊಡ್ಡ ಸಂಖ್ಯೆಯಾಗಿ, ಸೋಮ್ಯಾಕ್ಸ್‌ಕಾನ್ ಮಿತಿಗೆ ಇಳಿಯುತ್ತದೆ. ಆ ಮಿತಿ ಮೊದಲು 128 ಇತ್ತು, 5.4ರಿಂದ 4096. ಮೊದಲ ಉದಾಹರಣೆಯಲ್ಲಿ ತಪ್ಪಾಗಿದ್ದ ಅದೇ ಟೈಪ್ ಬದಲಾವಣೆ ಇಲ್ಲಿ ಸರಿ. ಬ್ಯಾಕ್‌ಲಾಗ್ ಅನ್ನುವುದು ಒಂದು ಸೂಚನೆ. 'ಆದಷ್ಟು ಕೊಡಿ' ಅನ್ನುವ ಅರ್ಥಕ್ಕೆ ಇಳಿಸಿದರೂ ಯಾರಿಗೂ ನಷ್ಟವಿಲ್ಲ.

ಸಮಯದ ಮಿತಿ ಹಾಗಲ್ಲ. 'ಎಸ್‌ಒ_ಆರ್‌ಸಿವಿಟೈಮಿಯೋ'ಗೆ ಮೈಕ್ರೊಸೆಕೆಂಡ್ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟರೆ ಇಡಾಮ್ ಅನ್ನುವ ಎರರ್ ಬರುತ್ತದೆ. ಅಲ್ಲಿ ಊಹೆ ಮಾಡಿದರೆ ಪ್ರೋಗ್ರಾಂ ಎಷ್ಟು ಹೊತ್ತು ಕಾಯುತ್ತದೆ ಅನ್ನುವುದೇ ಬದಲಾಗುತ್ತದೆ. ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಇಳಿಸಿದರೆ ಕೊಟ್ಟವರಿಗೆ ಗೊತ್ತಾಗದೆ ಅರ್ಥ ಬದಲಾಗುತ್ತದಾ? ಆಗುವುದಾದರೆ ತಿರಸ್ಕರಿಸಿ.

ಫ್ಲ್ಯಾಗ್‌ಗಳ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ಗೊತ್ತಿಲ್ಲದ ಬಿಟ್ ಒಂದು ಇದ್ದರೂ ಮೊದಲ ದಿನದಿಂದಲೇ ಇಇನ್ವಾಲ್ ಕೊಡಿ. ಸೆಂಡ್ ಕರೆ ಹಾಗೆ ಮಾಡಲಿಲ್ಲ. ಅದು ಗೊತ್ತಿಲ್ಲದ ಫ್ಲ್ಯಾಗ್‌ಗಳನ್ನು ಸುಮ್ನೆ ಕಡೆಗಣಿಸುತ್ತಾ ಬಂತು. 2017ರಲ್ಲಿ ಕರ್ನೆಲ್ 4.14ಕ್ಕೆ ಜೀರೋಕಾಪಿ (ಡೇಟಾ ನಕಲು ಮಾಡದೆ ಕಳಿಸುವ) ಫ್ಲ್ಯಾಗ್ ತರುವಾಗ ತೊಂದರೆ ಎದುರಾಯಿತು. ಯಾವುದೋ ಹಳೇ ಪ್ರೋಗ್ರಾಂ ಆ ಬಿಟ್‌ನಲ್ಲಿ ಕಸ ಕಳಿಸುತ್ತಿದ್ದರೆ? ಅದಕ್ಕಾಗಿ, ಮೊದಲು 'ಎಸ್‌ಒ_ಜೀರೋಕಾಪಿ' ಅನ್ನುವ ಬೇರೆಯೇ ಆಪ್ಷನ್ ಹಾಕಿ ಒಪ್ಪಿಗೆ ಕೊಟ್ಟವರಿಗೆ ಮಾತ್ರ ಆ ಫ್ಲ್ಯಾಗ್ ಕೆಲಸ ಮಾಡುತ್ತದೆ. ಯೂಸರ್ ಪ್ರೋಗ್ರಾಂ ಮುರಿಯಬಾರದು ಅನ್ನುವುದು ಕರ್ನೆಲ್‌ನ ದೊಡ್ಡ ನಿಯಮ. ಇವತ್ತು ಸಡಿಲ ಬಿಟ್ಟದ್ದನ್ನು ನಾಳೆ ಬಿಗಿ ಮಾಡಲು ಬರುವುದಿಲ್ಲ. ಸ್ಟ್ರಕ್ಟ್‌ನಲ್ಲಿ ಮುಂದಕ್ಕೆ ಅಂತ ಬಿಟ್ಟ ಫೀಲ್ಡ್‌ಗಳಿಗೂ ಇದೇ ಮಾತು. ಸೊನ್ನೆ ಇಲ್ಲದಿದ್ದರೆ ವಾಪಸ್ ಕಳಿಸಿ.

ಹೆಜ್ಜೆ 7: ಒಂದೇ ಸಲ ಓದಿ, ಓದಿದ್ದನ್ನೇ ನಂಬಿ

ಯೂಸರ್ ಮೆಮೊರಿ ನಿಮ್ಮದಲ್ಲ. ನೀವು ಪರೀಕ್ಷೆ ಮಾಡಿದ ಮರುಕ್ಷಣ ಇನ್ನೊಂದು ಥ್ರೆಡ್ ಅದನ್ನು ಬದಲಾಯಿಸಬಹುದು. 2005ರ ಸಿವಿಇ-2005-2490 ಇದಕ್ಕೆ ಸಾಕ್ಷಿ. 64 ಬಿಟ್ ಕರ್ನೆಲ್ ಮೇಲೆ 32 ಬಿಟ್ ಪ್ರೋಗ್ರಾಂ ಸೆಂಡ್‌ಮೆಸೇಜ್ ಕರೆದಾಗ, ಕಂಟ್ರೋಲ್ ಮೆಸೇಜ್‌ಗಳ ಉದ್ದವನ್ನು ಮೊದಲು ಒಂದು ಸುತ್ತು ಓದಿ ಜಾಗ ಲೆಕ್ಕ ಹಾಕುತ್ತಿದ್ದರು. ಕಾಪಿ ಮಾಡುವಾಗ ಮತ್ತೆ ಅದೇ ಉದ್ದವನ್ನು ಯೂಸರ್ ಮೆಮೊರಿಯಿಂದ ಓದುತ್ತಿದ್ದರು. ಆ ನಡುವೆ ಉದ್ದ ಬೆಳೆದರೆ ಕರ್ನೆಲ್ ಸ್ಟ್ಯಾಕ್ ತುಂಬಿ ಹರಿಯುತ್ತಿತ್ತು. ಇಡೀ ಸ್ಟ್ರಕ್ಟ್ ಒಂದೇ ಸಲ ಕರ್ನೆಲ್‌ಗೆ ತಂದುಕೊಳ್ಳಿ. ಆಮೇಲೆ ಯೂಸರ್ ಪಾಯಿಂಟರ್ ಕಡೆ ತಿರುಗಿಯೂ ನೋಡಬೇಡಿ.

ಪಾಯಿಂಟರ್‌ನ ಬಗ್ಗೆಯೂ ಒಂದು ಮಾತು. ಎರಡು ಅಂಡರ್‌ಸ್ಕೋರ್‌ನಿಂದ ಶುರುವಾಗುವ ಕಾಪಿ ಫಂಕ್ಷನ್‌ಗಳು ವಿಳಾಸ ಯೂಸರ್‌ದೋ ಕರ್ನೆಲ್‌ದೋ ಅಂತ ನೋಡುವುದಿಲ್ಲ. ವೇಗಕ್ಕಾಗಿ ಆರ್‌ಡಿಎಸ್ ಪ್ರೋಟೋಕಾಲ್ ಅವನ್ನು ಬಳಸಿತ್ತು. ರಿಸೀವ್ ಬಫರ್ ಅಂತ ಕರ್ನೆಲ್ ವಿಳಾಸ ಕೊಟ್ಟರೆ ಕರ್ನೆಲ್ ತನ್ನ ಮೇಲೆ ತಾನೇ ಬರೆದುಕೊಳ್ಳುತ್ತಿತ್ತು. 2010ರಲ್ಲಿ ಡ್ಯಾನ್ ರೋಸೆನ್‌ಬರ್ಗ್ ಕಂಡುಹಿಡಿದ ಸಿವಿಇ-2010-3904 ಇದೇ. ಲಿನಸ್ ಟೊರ್ವಾಲ್ಡ್ಸ್ ಅದನ್ನು ಸಾದಾ ಕಾಪಿ ಫಂಕ್ಷನ್‌ಗೆ ಬದಲಾಯಿಸಿದರು.

ಹೆಜ್ಜೆ 8: ಲಾಕ್ ಹಿಡಿದ ಮೇಲೆ ನೋಡಿದ್ದು ಮಾತ್ರ ಲೆಕ್ಕಕ್ಕೆ

ಬಳಕೆದಾರ ಕೊಟ್ಟ ಮೌಲ್ಯ ಸರಿ ಇದ್ದರೂ, ಸಾಕೆಟ್ ಈಗಿರುವ ಸ್ಥಿತಿಗೆ ಅದು ಹೊಂದುತ್ತದಾ ಅನ್ನುವುದು ಬೇರೆ ಪ್ರಶ್ನೆ. ಪ್ಯಾಕೆಟ್ ಸಾಕೆಟ್‌ನಲ್ಲಿ ರಿಂಗ್ ಇದ್ದರೆ ಅದರ ರೂಪದ ಆವೃತ್ತಿ ಬದಲಾಯಿಸುವ ಹಾಗಿಲ್ಲ. ಆ ಪರೀಕ್ಷೆ ಇತ್ತು. ಆದರೆ ಲಾಕ್ ಇಲ್ಲದೆ. ಒಂದು ಥ್ರೆಡ್ ರಿಂಗ್ ಕಟ್ಟುತ್ತಿರುವಾಗಲೇ ಇನ್ನೊಂದು ಥ್ರೆಡ್ ಆವೃತ್ತಿ ಬದಲಾಯಿಸಿದರೆ, ಶುರುವಾದ ಟೈಮರ್ ನಿಲ್ಲಿಸುವವರಿಲ್ಲದೆ ಉಳಿದು, ಬಿಟ್ಟುಕೊಟ್ಟ ಮೆಮೊರಿಯನ್ನು ಮುಟ್ಟುತ್ತಿತ್ತು. ಸಿವಿಇ-2016-8655. ಲಾಕ್_ಸಾಕ್ ಹಿಡಿದ ಮೇಲೆ ಸ್ಥಿತಿ ನೋಡಿ. ಯೂಸರ್ ಮೆಮೊರಿಯಿಂದ ಓದುವ ಕೆಲಸವನ್ನು ಮಾತ್ರ ಲಾಕ್‌ಗೆ ಮೊದಲೇ ಮುಗಿಸಿಕೊಳ್ಳಿ.

ಹೆಜ್ಜೆ 9: ಹೊರಗೆ ಹೋಗುವುದನ್ನೂ ನೋಡಿ

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ನಮ್ಮದೇ ಪ್ರೋಟೋಕಾಲ್ ಮಾಡ್ಯೂಲ್ ಇತ್ತು. ಅದರ ಗೆಟ್‌ಸಾಕ್‌ಆಪ್ಟ್ ಒಂದು ಅಂಕಿಅಂಶದ ಸ್ಟ್ರಕ್ಟ್ ಕೊಡುತ್ತಿತ್ತು. 32 ಬಿಟ್‌ನ ಒಂದು ಫೀಲ್ಡ್, ಅದರ ನಂತರ 64 ಬಿಟ್‌ನದು. ನಡುವೆ ಕಂಪೈಲರ್ 4 ಬೈಟ್ ಖಾಲಿ ಬಿಟ್ಟಿತ್ತು. ಎಲ್ಲ ಫೀಲ್ಡ್ ತುಂಬಿಸಿದ್ದೆವು, ಆದರೆ ಆ ಖಾಲಿ ಜಾಗ ತುಂಬಿಸಿರಲಿಲ್ಲ. ಒಂದು ದಿನ ಬೈಟ್ ಬೈಟ್ ಆಗಿ ಪ್ರಿಂಟ್ ಮಾಡಿ ನೋಡಿದರೆ, ಆ ನಾಲ್ಕು ಬೈಟ್‌ನಲ್ಲಿ ಕರ್ನೆಲ್ ವಿಳಾಸದ ತುಂಡೊಂದು ಕೂತಿತ್ತು. ಎರಡು ವರ್ಷ ಗ್ರಾಹಕರ ಯಂತ್ರಗಳಲ್ಲಿ ಹಾಗೇ ಓಡಿದ್ದ ಕೋಡ್ ಅದು. ಆ ಸಂಜೆಯ ಕಸಿವಿಸಿ ನನಗಿನ್ನೂ ನೆನಪಿದೆ.

ಹಾಗಾಗಿ ಸ್ಟ್ರಕ್ಟ್ ಹೊರಗೆ ಕಳಿಸುವ ಮೊದಲು ಮೆಮ್‌ಸೆಟ್ ಹಾಕಿ. ಆವರಣ ಹಾಕಿ ಸೊನ್ನೆ ಮಾಡುವ ಸಿ ಶೈಲಿ ಖಾಲಿ ಜಾಗವನ್ನು ಸೊನ್ನೆ ಮಾಡುತ್ತದೆ ಅಂತ ಖಾತರಿ ಇಲ್ಲ. ಕೇಳಿದ ಉದ್ದ ಮತ್ತು ಸ್ಟ್ರಕ್ಟ್‌ನ ಉದ್ದ, ಎರಡರಲ್ಲಿ ಚಿಕ್ಕದನ್ನು ಕಳಿಸಿ, ಎಷ್ಟು ಕಳಿಸಿದಿರಿ ಅಂತ ವಾಪಸ್ ಬರೆಯಿರಿ. ರಿಸೀವ್‌ಮೆಸೇಜ್‌ನಲ್ಲಿ ವಿಳಾಸದ ಉದ್ದ ಸರಿಯಾಗಿ ಹಾಕದೆ, 128 ಬೈಟ್‌ವರೆಗೂ ಸ್ಟ್ಯಾಕ್ ಸೋರುತ್ತಿದ್ದ ಪ್ರೋಟೋಕಾಲ್‌ಗಳನ್ನು 2013ರಲ್ಲಿ ಸಾಲಾಗಿ ತಿದ್ದಿದರು.

ಹೆಜ್ಜೆ 10: ಪರೀಕ್ಷೆಯನ್ನೇ ಪರೀಕ್ಷಿಸಿ

ವರ್ಚುವಲ್ ಮೆಷಿನ್ ಒಂದರಲ್ಲಿ ಕಾಸನ್ (ಮೆಮೊರಿ ತಪ್ಪು ಹಿಡಿಯುವುದು) ಮತ್ತು ಯುಬಿಸ್ಯಾನ್ (ಲೆಕ್ಕದ ಸುತ್ತು ಹಾಕುವಂಥ ತಪ್ಪು ಹಿಡಿಯುವುದು) ಹಾಕಿದ ಕರ್ನೆಲ್ ಓಡಿಸಿ. ತುಂಬದ ಮೆಮೊರಿ ಓದುವುದನ್ನು ಹಿಡಿಯಲು ಕೆಎಂಸ್ಯಾನ್ ಬೇಕು, ಅದಕ್ಕೆ ಕ್ಲ್ಯಾಂಗ್‌ನಲ್ಲಿ ಕಟ್ಟಬೇಕು. ಪ್ರತಿ ಉದ್ದಕ್ಕೂ ಈ ಮೌಲ್ಯಗಳನ್ನು ಕೊಡಿ: -1, 0, 1, ಸ್ಟ್ರಕ್ಟ್ ಗಾತ್ರಕ್ಕಿಂತ ಒಂದು ಕಡಿಮೆ, ಸರಿಯಾಗಿ ಅಷ್ಟೇ, ಒಂದು ಜಾಸ್ತಿ, 2147483647, -2147483648. ಪಾಯಿಂಟರ್‌ಗೆ ನಲ್ ಕೊಡಿ, ಕರ್ನೆಲ್ ವಿಳಾಸ ಕೊಡಿ.

ನನಗೆ ತುಂಬ ಉಪಯೋಗವಾದ ಒಂದು ಉಪಾಯ ಇದೆ. ಎಂಮ್ಯಾಪ್‌ನಿಂದ ಅಕ್ಕಪಕ್ಕ ಎರಡು ಪುಟ ತೆಗೆದುಕೊಳ್ಳಿ. ಎರಡನೆಯದನ್ನು ಎಂಪ್ರೊಟೆಕ್ಟ್‌ನಿಂದ ಪೂರ್ತಿ ಮುಚ್ಚಿ. ನಿಮ್ಮ ಮೌಲ್ಯವನ್ನು ಮೊದಲ ಪುಟದ ಕಟ್ಟಕಡೆಯ ಬೈಟ್‌ಗೆ ತಾಗುವ ಹಾಗೆ ಇಡಿ. ಈಗ ಉದ್ದ 4 ಅಂತ ಹೇಳಿ ಕರೆಯಿರಿ. ಕರ್ನೆಲ್ 8 ಬೈಟ್ ಓದಲು ಹೊರಟರೆ ಮುಚ್ಚಿದ ಪುಟಕ್ಕೆ ತಲೆ ಹೊಡೆದು ಇಫಾಲ್ಟ್ ಬರುತ್ತದೆ. ಉದ್ದ ಮೊದಲು ನೋಡುವ ಕೋಡ್ ಆದರೆ ಇಇನ್ವಾಲ್ ಬರುತ್ತದೆ. ಯಾವ ಎರರ್ ಬಂತು ಅನ್ನುವುದೇ ಯಾವುದನ್ನು ಮೊದಲು ಮಾಡಿದರು ಅಂತ ಹೇಳಿಬಿಡುತ್ತದೆ. ಸಿಗ್ರೂಪ್ ಬಿಪಿಎಫ್ ಅಂಟಿಸಿದ ಸ್ಥಿತಿಯಲ್ಲೂ ಇದೇ ಪರೀಕ್ಷೆಗಳನ್ನು ಇನ್ನೊಂದು ಸುತ್ತು ಓಡಿಸಿ. ಆಗ ಮಾತ್ರ ಕರ್ನೆಲ್ ಪಾಯಿಂಟರ್‌ನ ದಾರಿ ತೆರೆಯುತ್ತದೆ. ಹೊಸ ಆಪ್ಷನ್ ಸೇರಿಸಿದ್ದರೆ ಸಿಜ್‌ಬಾಟ್ ಬಳಸುವ ಉಪಕರಣವಾದ ಸಿಜ್‌ಕಾಲರ್‌ಗೆ ಅದರ ವಿವರಣೆಯನ್ನೂ ಬರೆದುಕೊಡಿ. ನೀವು ಮಲಗಿದ್ದಾಗಲೂ ಅದು ಹುಡುಕುತ್ತಿರುತ್ತದೆ.

ಇಷ್ಟು ಓದಿದ ಮೇಲೆ ಒಂದು ಚಿಕ್ಕ ಪ್ರಯೋಗ ಮಾಡಿ, ಯಾವ ವಿಶೇಷ ಅನುಮತಿಯೂ ಬೇಡ. ಟಿಸಿಪಿ ಸಾಕೆಟ್ ತೆರೆದು, ಟಿಸಿಪಿ_ನೋಡಿಲೇ ಆಪ್ಷನ್‌ಗೆ ಗೆಟ್‌ಸಾಕ್‌ಆಪ್ಟ್ ಕರೆಯಿರಿ. ಉದ್ದದ ವೇರಿಯಬಲ್‌ನಲ್ಲಿ -1 ಇಡಿ. 2024ರ ತಿದ್ದುಪಡಿ ಇರುವ ಕರ್ನೆಲ್ ಎರರ್ 22 ಕೊಡುತ್ತದೆ, ಅಂದರೆ ಇಇನ್ವಾಲ್. ನಿಮ್ಮ ಯಂತ್ರ ಸೊನ್ನೆ ಕೊಟ್ಟು, ಉದ್ದವನ್ನು 4 ಅಂತ ಬದಲಾಯಿಸಿ ಕಳಿಸಿದರೆ, ಮೊದಲು ತೋರಿಸಿದ ಆ ಸಾಲುಗಳು ಅಲ್ಲಿ ಇನ್ನೂ ಹಳೇ ಕ್ರಮದಲ್ಲೇ ಇವೆ.